ಎಂಬತ್ತೊಂಬತ್ತನೆಯ ಪುಟ

ಜೂನ್ ೧೦

ಮಾವ,

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರವನ್ನು ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸಬೇಡಿ. ಹೋದ ಸಲದ್ದನ್ನು ನೋಡಿ ಕೋಣೆಯ ಗೆಳತಿ, "ಏನೇ ಇದು, ನಿಮ್ಮ ಮಾವ ಕಾಗದ ಬರೀತಾರೋ ಪರೀಕ್ಷೆ ಪೇಪರ್ ತಿದ್ತಾರೋ?" ಎಂದು ನಕ್ಕಳು. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಕೈ ಸುಮ್ಮನಿರುವುದಿಲ್ಲ ಕಣೇ ಎಂದೆ. ನನ್ನ ಸಾಲಿನಲ್ಲಿ ಪದ ಬಿಟ್ಟುಹೋದ ಕಡೆಯಲ್ಲೆಲ್ಲ ನೀವು ಹಾಕಿದ ಹಂಸಪಾದದ ಗುರುತು ಮಾತ್ರ ಅವಳಿಗೆ ಹಿಡಿಸಿತು. ಹಕ್ಕಿಯೊಂದು ಕಾಗದದ ಮೇಲೆ ನಡೆದುಹೋದ ಹಾಗಿದೆ ಎಂದಳು.

ಈಗ ವಿಷಯ. ಕೊನೆಯ ವರ್ಷದ ಇತಿಹಾಸ ಪಾಠಯೋಜನೆಯ ನಮೂನೆ ಕೊಟ್ಟಿದ್ದಾರೆ. ಆರು ಚೌಕಗಳಿವೆ. ನಾಲ್ಕರಲ್ಲಿ ಕಡ್ಡಾಯ ಪತ್ರಿಕೆಗಳ ಹೆಸರನ್ನು ಅವರೇ ಅಚ್ಚು ಹಾಕಿಸಿದ್ದಾರೆ, ಪಟ್ಟಿ ಜೊತೆಗಿಟ್ಟಿದ್ದೇನೆ. ಉಳಿದ ಎರಡನ್ನು ನಾನು ತುಂಬಬೇಕು. ಒಂದೋ ಎರಡು ಪರೀಕ್ಷೆಯ ಪತ್ರಿಕೆ, ಇಲ್ಲವೇ ಎರಡೂ ಚೌಕ ಸೇರಿಸಿ ಒಂದು ದೀರ್ಘ ಪ್ರಬಂಧ. ಪ್ರಬಂಧವನ್ನು ಬೇರೆಯವರ ಪುಸ್ತಕ ನೋಡಿ ಬರೆಯುವ ಹಾಗಿಲ್ಲ. ಹಳೆಯ ಕಡತ, ಪತ್ರಿಕೆ, ಬದುಕಿರುವವರ ಮಾತು, ಹೀಗೆ ಮೂಲದಿಂದಲೇ ಎತ್ತಬೇಕು. ನಮ್ಮ ಸಲಹೆಗಾರ ಮೇಡಂ ಸಹಿ ಹಾಕದೆ ನಮೂನೆ ಮುಂದೆ ಹೋಗುವುದಿಲ್ಲ. ಅವರು ಹೇಳಿದ್ದು ಹೀಗೆ: "ನೋಡಮ್ಮಾ, ಪರೀಕ್ಷೆ ಪತ್ರಿಕೆ ಅಂದ್ರೆ ಸೇತುವೆ ಮೇಲೆ ನಡ್ಕೊಂಡು ಹೋದ ಹಾಗೆ. ಪ್ರಬಂಧ ಅಂದ್ರೆ ನೀರಿಗಿಳಿದು ಈಜ್ಬೇಕು. ನಡುನೀರಲ್ಲಿ ಸುಸ್ತಾಯ್ತು ಮೇಡಂ ಅಂತ ನನ್ನ ಹತ್ರ ಬರ್ಬೇಡ."

ನನಗೆ ಈಜುವ ಆಸೆ. ಆದರೆ ಯಾವ ನೀರು ಅಂತ ಗೊತ್ತಿಲ್ಲ. ತಿಂಗಳ ಕೊನೆಯೊಳಗೆ ನಮೂನೆ ಕೊಡಬೇಕು. ನಿಮಗೆ ನೆನಪಿಲ್ಲದ್ದು ಊರಲ್ಲಿ ಯಾವುದೂ ನಡೆದಿಲ್ಲ ಎಂದು ಅಮ್ಮ ಯಾವಾಗಲೂ ಅಣಕಿಸುತ್ತಾಳಲ್ಲ, ಒಂದು ವಿಷಯ ಹೇಳಿ.

ನಿಮ್ಮ
ಗಡಿಬಿಡಿ


ಜೂನ್ ೧೬

ಗಡಿಬಿಡಿಗೆ,

ತಿದ್ದಿಲ್ಲ. ಏಳು ತಪ್ಪುಗಳಿದ್ದವು, ಹಲ್ಲು ಕಚ್ಚಿಕೊಂಡು ಬಿಟ್ಟಿದ್ದೇನೆ.

ನಿನ್ನ ಕಡ್ಡಾಯ ಪತ್ರಿಕೆಗಳ ಪಟ್ಟಿ ಓದಿ ಮೈ ಉರಿಯಿತು. ಮೂರರಲ್ಲಿ ಅರಸರು, ನಾಲ್ಕನೆಯದರಲ್ಲಿ ಅವರ ಯುದ್ಧಗಳು. ನೇಯ್ದವರು, ಕಲ್ಲು ಹೊತ್ತವರು, ಕುದುರೆಗೆ ಹುಲ್ಲು ಹಾಕಿದವರು ಎಲ್ಲರೂ ಐಚ್ಛಿಕ! ನೇಯುವವರು ಇಲ್ಲದಿದ್ದರೆ ಅರಸ ಬರಿಮೈಯಲ್ಲಿ ಸಿಂಹಾಸನದ ಮೇಲೆ ಕೂರಬೇಕಿತ್ತು, ಆದರೂ ಅವರು ಐಚ್ಛಿಕ. ಇಂಥ ಪಾಠಯೋಜನೆಯನ್ನು ಯಾರು ಮಾಡುತ್ತಾರೆ, ಯಾವ ಕೋಣೆಯಲ್ಲಿ ಕೂತು ಮಾಡುತ್ತಾರೆ ಎಂಬುದೇ ಒಂದು ಪ್ರಬಂಧದ ವಿಷಯವಾಗಬೇಕು.

ಹೋದ ತಿಂಗಳು ನಮ್ಮ ಪತ್ರಿಕೆಯವರು ಊರು ನಡೆದು ಬಂದ ದಾರಿ ಎಂದು ಒಂದು ವಿಶೇಷ ಪುಟ ಮಾಡಿದ್ದರು. ನೂಲಿನ ಗಿರಣಿಯ ಬಗ್ಗೆ ಒಂದೇ ಸಾಲು: "ಬೆಂಕಿ ಆಕಸ್ಮಿಕದ ನಂತರ ಗಿರಣಿ ಮುಚ್ಚಿತು." ಅಲ್ಲಿ ಮೂವತ್ತೊಂದು ಜನ ಸತ್ತರೆಂಬುದು ಎಲ್ಲೂ ಇಲ್ಲ. ಸಂಪಾದಕನಿಗೆ ಬರೆದೆ, ಹಾಕಲಿಲ್ಲ. ಫೋನ್ ಮಾಡಿದೆ.

"ಯಜಮಾನ್ರೇ, ಜಾಗ ಇರ್ಲಿಲ್ಲ."

"ಅದೇ ಪುಟದಲ್ಲಿ ಹಾಸಿಗೆ ಜಾಹೀರಾತಿಗೆ ಜಾಗ ಇತ್ತಲ್ಲಪ್ಪಾ? ಇಬ್ರು ಮಲಗೋವಷ್ಟು ಜಾಗ ಇತ್ತು."

ಫೋನ್ ಇಟ್ಟುಬಿಟ್ಟ.

ಆದ್ದರಿಂದ ನೀನು ಪ್ರಬಂಧವನ್ನೇ ಬರೆ. ಗಿರಣಿಯ ಬೆಂಕಿಯ ಬಗ್ಗೆ ಬರೆ. ನಲವತ್ತೊಂದು ವರ್ಷವಾಯಿತು. ಮಧ್ಯಾಹ್ನದ ಪಾಳಿ ನಡೆಯುತ್ತಿತ್ತು. ನಿನ್ನ ಅಜ್ಜಿ ನೂಲು ಸುತ್ತುವ ವಿಭಾಗದಲ್ಲಿದ್ದಳು. ಹಿಂದಿನ ಗೇಟಿನ ಹತ್ತಿರದ ಕಿಟಕಿಯಿಂದ ಜಿಗಿದು ಬದುಕಿದಳು. ಅವಳ ಎಡಮೊಣಕಾಲು ಕೊನೆಯವರೆಗೂ ಮಡಚದೆ ಹೋದದ್ದು ಅದಕ್ಕೇ. ಸತ್ತವರೆಲ್ಲ ಆ ಗೇಟಿನ ಬಳಿಯೇ ಒಬ್ಬರ ಮೇಲೊಬ್ಬರು ಬಿದ್ದಿದ್ದರು. ಸರ್ಕಾರ ವಿಚಾರಣೆ ನಡೆಸಿತು. ಗೇಟು ತೆರೆದೇ ಇತ್ತು, ಜನ ಗಾಬರಿಯಿಂದ ನುಗ್ಗಾಡಿ ಸತ್ತರು ಎಂದು ವರದಿ ಬಂತು. ಸತ್ತವರದೇ ತಪ್ಪು! ಗಿರಣಿಯ ಯಜಮಾನ ಮುಂದೆ ಪುರಸಭೆಯ ಅಧ್ಯಕ್ಷನಾದ. ಅವನ ಹೆಸರಿನ ಉದ್ಯಾನದಲ್ಲಿ ಇವತ್ತಿಗೂ ಜನ ಗಾಳಿ ಸೇವಿಸುತ್ತಾರೆ.

ಒಂದು ಮಾತು. ಆ ವರದಿಯ ಹಿಂದೆ ಬೀಳಬೇಡ. ನಮ್ಮ ಅಚ್ಚುಕೂಟದಲ್ಲೇ ಅಚ್ಚಾದದ್ದು, ನಾನೇ ಕರಡು ನೋಡಿದ್ದು, ಅದರಲ್ಲಿ ಹುರುಳಿಲ್ಲ. ಹಳೆಯ ಪತ್ರಿಕೆಗಳನ್ನು ಹುಡುಕು. ಬದುಕಿರುವವರನ್ನು ಮಾತಾಡಿಸು.

ಮಾವ


ಜೂನ್ ೨೯

ಮಾವ,

ನೀವು ಬೇಡವೆಂದದ್ದನ್ನೇ ಮೊದಲು ಮಾಡಿದೆ. ವರದಿ ನಮ್ಮ ಗ್ರಂಥಾಲಯದ ನೆಲಮಾಳಿಗೆಯಲ್ಲಿತ್ತು. ಗ್ರಂಥಪಾಲಕರು ಧೂಳು ಕೊಡವಿ, "ಇದನ್ನ ಕೇಳಿದೋಳು ನೀನೇ ಮೊದಲು, ಹರಿದ್ರೆ ನಿನ್ನ ಹರೀತೀನಿ" ಎಂದು ಕೊಟ್ಟರು.

ಅದನ್ನು ನೋಡದೆ ಇರುವುದು ಹೇಗೆ ಹೇಳಿ? ಅದು ನಮ್ಮ ಮನೆಯ ಪುಸ್ತಕ. ಬೆಂಕಿ ಬಿದ್ದ ದಿನ ಬಂತೆಂದರೆ ಅಜ್ಜಿ ಪೆಟ್ಟಿಗೆಯಿಂದ ಅದೇ ಕಂದು ರಟ್ಟಿನ ಪುಸ್ತಕ ತೆಗೆದು, ಬಟ್ಟೆ ಬಿಚ್ಚಿ, ನಿಮ್ಮ ಕೈಗೆ ಕೊಡುತ್ತಿದ್ದಳು. ಅವಳಿಗೆ ಓದಲು ಬರುತ್ತಿರಲಿಲ್ಲ, ನೀವು ಅವಳ ಸಾಕ್ಷ್ಯವನ್ನು ಗಟ್ಟಿಯಾಗಿ ಓದುತ್ತಿದ್ದಿರಿ. ನಾನು ಅವಳ ಚಾಚಿದ ಕಾಲಿನ ಪಕ್ಕ ಕೂತಿರುತ್ತಿದ್ದೆ. "ಗೇಟಿಗೆ ಸರಪಳಿ ಸುತ್ತಿತ್ತು, ಬೀಗ ಹಾಕಿತ್ತು. ನಾನು ಕೈಯಾರೆ ಎಳೆದು ನೋಡಿದೆ." ಆಗ ನನಗೆ ಎಂಟೋ ಒಂಬತ್ತೋ. ಇನ್ನೂ ಕಿವಿಯಲ್ಲಿದೆ.

ಮಾವ, ಆ ಸಾಲು ಇಲ್ಲಿಲ್ಲ. ಅಜ್ಜಿಯೇ ಇಲ್ಲ. ಹದಿನಾರು ಸಾಕ್ಷಿಗಳಿದ್ದಾರೆ, ಒಬ್ಬರೂ ಹೆಂಗಸಲ್ಲ. ಎಂಬತ್ತೆಂಟನೆಯ ಪುಟಕ್ಕೆ ಹದಿನಾರನೆಯ ಸಾಕ್ಷಿ ಮುಗಿಯುತ್ತಾನೆ, ಎಂಬತ್ತೊಂಬತ್ತರಿಂದ ಸತ್ತವರ ಪಟ್ಟಿ. ಹಾಳೆ ಹರಿದಿರಬಹುದೆಂದು ಪುಟಸಂಖ್ಯೆ ಎಣಿಸಿದೆ. ಒಂದೂ ತಪ್ಪಿಲ್ಲ. ಆದರೆ ಐವತ್ತೆಂಟನೆಯ ಪುಟದ ಕೆಳಗೆ ಸಣ್ಣ ಅಕ್ಷರದ ಅಡಿಟಿಪ್ಪಣಿಯೊಂದಿದೆ: "ಹಿಂದಿನ ಗೇಟಿನ ವಿಷಯಕ್ಕೆ ಹದಿನೇಳನೆಯ ಸಾಕ್ಷಿಯ ಹೇಳಿಕೆ ನೋಡಿ."

ಹದಿನೇಳನೆಯ ಸಾಕ್ಷಿ ಅಜ್ಜಿಯೇ ಅಲ್ಲವೇ? ಅಂದರೆ ಮೊದಲು ಪೂರ್ತಿ ಅಚ್ಚಾದ ವರದಿಯನ್ನು ಆಮೇಲೆ ಯಾರೋ ಅಡಗಿಸಿ, ಅವಳನ್ನು ಕಿತ್ತುಹಾಕಿ ಮತ್ತೆ ಅಚ್ಚು ಹಾಕಿಸಿದ್ದಾರೆ. ಅಜ್ಜಿಯ ಪೆಟ್ಟಿಗೆಯಲ್ಲಿರುವುದು ಮೊದಲಿನ ಅಚ್ಚಿನ ಪ್ರತಿ. ಬಹುಶಃ ಉಳಿದಿರುವುದು ಅದೊಂದೇ! ಮೇಡಂಗೆ ಹೇಳಿದೆ. ಸೇತುವೆ ಎನ್ನುತ್ತಿದ್ದವರು ಕುರ್ಚಿಯಿಂದ ಎದ್ದು ನಿಂತು, "ಆ ಪ್ರತಿ ತರಿಸು" ಎಂದು ಅಲ್ಲೇ ಸಹಿ ಹಾಕಿದರು. ಎರಡೂ ಚೌಕದಲ್ಲಿ ಪ್ರಬಂಧ ಎಂದು ಬರೆದು ಕೊಟ್ಟುಬಿಟ್ಟೆ. ಪರೀಕ್ಷೆ ಪತ್ರಿಕೆಯಲ್ಲಿ ನನಗಿದ್ದ ಜಾಗ ಬೇರೆಯವರಿಗೆ ಹೋಯಿತು. ಅದರ ಚಿಂತೆಯಿಲ್ಲ.

ಪುಸ್ತಕವನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸುತ್ತೀರಾ? ಎರಡು ಸಲ ಕಟ್ಟಿ, ದಯವಿಟ್ಟು.

ಗಡಿಬಿಡಿ


ಜುಲೈ ೧೯

ಗಡಿಬಿಡಿಗೆ,

ಬರೆಯಲು ತಡವಾಯಿತು. ಇಲ್ಲಿ ನಮ್ಮ ರಸ್ತೆಯ ನೀರಿನ ಕೊಳವೆ ಒಡೆದು ಮೂರು ವಾರ. ಇಲಾಖೆಗೆ ಐದು ಪತ್ರ ಬರೆದೆ. ಆರನೆಯದಕ್ಕೆ ಒಬ್ಬ ಬಂದು ಗುಂಡಿ ತೋಡಿ, ಗುಂಡಿಯ ಪಕ್ಕ ಒಂದು ಕೆಂಪು ಬಟ್ಟೆ ಕಟ್ಟಿ ಹೋದ. "ಕೊಳವೆ ಯಾವಾಗಪ್ಪ?" ಎಂದರೆ, "ಅದು ಬೇರೆ ವಿಭಾಗ ಸಾರ್, ನಾವು ತೋಡೋರು" ಎಂದ. ಇಪ್ಪತ್ತು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ಗುಂಡಿ ಇತ್ತು. ಆಗಿನ ಬಟ್ಟೆ ಹಳದಿ.

ಪುಸ್ತಕ ಹುಡುಕಿದೆ. ಸಿಗಲಿಲ್ಲ. ಪೆಟ್ಟಿಗೆಗೆ ಗೆದ್ದಲು ಹತ್ತಿತ್ತು, ಬಹುಶಃ ಆಗಲೇ ಹೋಗಿರಬೇಕು.

ನಾನು ಯೋಚಿಸಿ ನೋಡಿದೆ. ಆ ದಿನ ನಿನಗೆ ಹುಮ್ಮಸ್ಸಿನಲ್ಲಿ ಬರೆದೆ. ನಿನ್ನ ಮೇಡಂ ಮೊದಲು ಹೇಳಿದ್ದೇ ಸರಿ. ಪರೀಕ್ಷೆಯ ಪತ್ರಿಕೆಗಳನ್ನೇ ತೆಗೆದುಕೋ, ಒಳ್ಳೆಯ ಅಂಕ ಬರುತ್ತದೆ, ಮುಂದೆ ಎಂ.ಎ. ಸೇರಲು ಅದೇ ಬೇಕಾಗುವುದು. ಒಂದು ಅಡಿಟಿಪ್ಪಣಿ ನಂಬಿಕೊಂಡು ವರ್ಷ ಕಳೆಯುವುದು ಬುದ್ಧಿವಂತರ ಲಕ್ಷಣವಲ್ಲ. ಅಚ್ಚಿನ ತಪ್ಪುಗಳು ಎಲ್ಲ ಪುಸ್ತಕದಲ್ಲೂ ಇರುತ್ತವೆ. ಮಕ್ಕಳಾಗಿದ್ದಾಗ ಕೇಳಿದ್ದು ದೊಡ್ಡವರಾದ ಮೇಲೆ ಬೇರೆಯಾಗಿ ನೆನಪಿರುತ್ತದೆ.

ಆರೋಗ್ಯ ನೋಡಿಕೋ.

ಮಾವ


ಜುಲೈ ೨೩

ಮಾವ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅಕ್ಷರ ನಿಮ್ಮದು, ಮಾತು ನಿಮ್ಮದಲ್ಲ. ಅರಸರನ್ನು ಬಿಟ್ಟು ನೇಯ್ದವರನ್ನು ಹಿಡಿ ಎಂದವರು ಐದು ವಾರದಲ್ಲಿ ಅಂಕ ನೋಡಿಕೋ ಎನ್ನುತ್ತೀರಿ. ನನ್ನ ಕೈಲಾಗುವುದಿಲ್ಲ ಎಂದು ಅನ್ನಿಸಿದರೆ ನೇರವಾಗಿ ಹೇಳಿ. ನನ್ನ ನೆನಪು ಸುಳ್ಳು ಎನ್ನಬೇಡಿ. "ಕೈಯಾರೆ ಎಳೆದು ನೋಡಿದೆ" ಎನ್ನುವಾಗ ಅಜ್ಜಿ ನನ್ನ ಕೈ ಹಿಡಿದು ಎಳೆಯುತ್ತಿದ್ದಳು. ಆ ಎಳೆತವೂ ನನಗೆ ನೆನಪಿದೆ.

ಹಿಂದಕ್ಕೆ ಹೋಗುವ ದಾರಿಯಿಲ್ಲ. ನನ್ನ ಜಾಗ ಹೋಯಿತು ಎಂದು ಬರೆದಿದ್ದೆನಲ್ಲ. ಪುಸ್ತಕ ಸಿಗಲಿಲ್ಲ ಎಂದೊಡನೆ ಮೇಡಂ ಆ ಅಡಿಟಿಪ್ಪಣಿಯನ್ನು ಮತ್ತೊಮ್ಮೆ ತರಿಸಿ ಓದಿದರು. ಆಮೇಲೆ, "ಆ ವರದಿ ಅಚ್ಚು ಹಾಕಿದೋರು ಯಾರಾದ್ರೂ ಬದುಕಿದ್ದಾರಾ?" ಎಂದರು. ನಮ್ಮ ಮಾವನೇ ಕರಡು ನೋಡಿದ್ದು ಎಂದೆ. ಅವರು ನನ್ನನ್ನು ನೋಡಿದ ನೋಟ ನನಗೆ ಇಷ್ಟವಾಗಲಿಲ್ಲ.

ನಿಯಮ ಹೀಗಿದೆ. ಬದುಕಿರುವ ಸಾಕ್ಷಿ ತನ್ನ ಕೈಬರಹದಲ್ಲಿ ಹೇಳಿಕೆ ಬರೆದು ಸಹಿ ಮಾಡಬೇಕು. ಸಾಕ್ಷಿ ನಮ್ಮ ಮನೆಯವರೇ ಆದರೆ ನಾನು ಒಂದೇ ಒಂದು ಪ್ರಶ್ನೆ ಕೇಳಬಹುದು. ಅದಾದ ಮೇಲೆ ನನಗೆ ಬೇರೆ ಕಡೆಯಿಂದ ಏನೇ ಗೊತ್ತಾದರೂ ಅವರಿಗೆ ಹೇಳುವ ಹಾಗಿಲ್ಲ. "ಸಾಕ್ಷಿ ಬಾಯಿಗೆ ನೀನು ಮಾತು ತುರುಕಿದ್ರೆ ಅದು ನಿನ್ನ ಮಾತಾಗತ್ತೆ, ಅವರದ್ದಲ್ಲ" ಎನ್ನುತ್ತಾರೆ ಮೇಡಂ. ಆಗಸ್ಟ್ ೧೪ರೊಳಗೆ ಹೇಳಿಕೆ ಅವರ ಮೇಜಿನ ಮೇಲಿರಬೇಕು. ಇಲ್ಲದಿದ್ದರೆ ಪ್ರಬಂಧ ರದ್ದು, ಎರಡು ಚೌಕ ಖಾಲಿ, ಪದವಿ ಒಂದು ವರ್ಷ ಮುಂದಕ್ಕೆ.

ನನ್ನ ಪ್ರಶ್ನೆ ಇದು: ಆ ವರದಿ ನಿಮ್ಮ ಕೈಗೆ ಬಂದಾಗ ಅದರಲ್ಲಿ ಏನಿತ್ತು, ನಿಮ್ಮ ಕೈಬಿಟ್ಟಾಗ ಏನಿತ್ತು?

ಮುಂದಿನ ಶನಿವಾರ ಅಮ್ಮನನ್ನು ನೋಡಲು ಹೋಗುತ್ತಿದ್ದೇನೆ.

ಗಡಿಬಿಡಿ


ಜುಲೈ ೩೦

ಪ್ರಶ್ನೆ ತಲುಪಿತು.

ಈ ಧಾಟಿಯನ್ನು ಯಾರು ಕಲಿಸಿದರು ನಿನಗೆ? ಪೊಲೀಸ್ ಠಾಣೆಯಲ್ಲಿ ಕೇಳುವ ಹಾಗಿದೆ. ನಿನಗೆ ಅಕ್ಷರ ತಿದ್ದಿಸಿದವನು ನಾನು. ನೀನು ಮೊದಲ ಸಲ ನಿನ್ನ ಹೆಸರು ಬರೆದದ್ದು ನಮ್ಮ ಅಚ್ಚುಕೂಟದ ಕರಡು ಕಾಗದದ ಬೆನ್ನ ಮೇಲೆ. ಈ ಊರಿನಲ್ಲಿ ಗಿರಣಿಯ ಬೆಂಕಿಯ ಬಗ್ಗೆ ನಲವತ್ತು ವರ್ಷದಿಂದ ಕೂಗುತ್ತಿರುವವನು ನಾನೊಬ್ಬನೇ. ಸಂಪಾದಕರು, ಅಧ್ಯಕ್ಷರು, ಶಾಸಕರು ಎಲ್ಲರಿಗೂ ಬರೆದಿದ್ದೇನೆ, ನಕಲುಗಳು ಕಪಾಟಿನಲ್ಲಿವೆ. ಈಗ ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸಿದ್ದೀಯೆ.

ಕರಡು ನೋಡುವವನ ಕೆಲಸ ಮೂಲದಲ್ಲಿದ್ದಂತೆ ಅಚ್ಚಾಗಿದೆಯೇ ಎಂದು ನೋಡುವುದು. ಮೂಲ ಯಾವುದೆಂದು ತೀರ್ಮಾನಿಸುವವನು ಅವನಲ್ಲ. ಇಷ್ಟೇ ನಾನು ಹೇಳುವುದು. ಹೇಳಿಕೆ ಗೀಳಿಕೆ ನನ್ನಿಂದಾಗದು. ನಿನ್ನ ಮೇಡಂ ಹತ್ತಿರ ಬೇಡಿಕೊಂಡು ಪತ್ರಿಕೆ ಬದಲಾಯಿಸಿಕೋ.

ಮಾವ


ಆಗಸ್ಟ್ ೪

ಮಾವ,

ಅಮ್ಮನ ಮನೆಯಿಂದ ನಿನ್ನೆ ಬಂದೆ. ಅವಳು ಚೆನ್ನಾಗಿದ್ದಾಳೆ. ಅಣ್ಣನಿಗೆ ನೆನಪು ಹೇಳು ಎಂದಳು.

ನಾನು ಇನ್ನೇನೂ ಕೇಳುವುದಿಲ್ಲ. ಕೇಳುವ ಹಾಗೂ ಇಲ್ಲ. ಹೇಳಿಕೆಯ ನಮೂನೆ ಮತ್ತು ಅಂಚೆಚೀಟಿ ಹಚ್ಚಿದ ಲಕೋಟೆ ಇದರೊಂದಿಗಿದೆ. ಬರೆದರೂ ಬರೆಯದಿದ್ದರೂ ನೀವು ನನ್ನ ಮಾವನೇ.

ಗಡಿಬಿಡಿ


ಆಗಸ್ಟ್ ೧೧

ನಾನು, ಕೆಳಗೆ ಸಹಿ ಮಾಡಿರುವ ನಿವೃತ್ತ ಕರಡು ತಿದ್ದುಗ, ಬರೆದುಕೊಟ್ಟ ಹೇಳಿಕೆ.

ವರದಿ ನನ್ನ ಕೈಗೆ ಬಂದಾಗ ಅದರಲ್ಲಿ ಹದಿನೇಳು ಸಾಕ್ಷಿಗಳಿದ್ದರು. ಎಂಟೆಂಟು ಪುಟಕ್ಕೆ ಒಂದು ಫಾರಂ ಎಂದು ಅಕ್ಷರದ ಅಚ್ಚುಮೊಳೆ ಜೋಡಿಸುತ್ತಿದ್ದರು. ಹನ್ನೆರಡನೆಯ ಫಾರಂ, ಎಂಬತ್ತೊಂಬತ್ತರಿಂದ ತೊಂಬತ್ತಾರನೆಯ ಪುಟದವರೆಗೆ, ಕೊನೆಯ ಸಾಕ್ಷಿಯದು. ಆಕೆ ನೂಲು ಸುತ್ತುವ ಕೆಲಸದವಳು. ನನ್ನ ತಾಯಿ. ಸತ್ತವರ ಪಟ್ಟಿ ತೊಂಬತ್ತೇಳರಿಂದ ಶುರುವಾಗುತ್ತಿತ್ತು.

ಆ ಫಾರಮಿನ ಕರಡನ್ನು ನಾನು ಎರಡು ಸಲ ಓದಿದೆ. ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದ್ದನ್ನು, ಪಾಳಿಯ ನಡುವೆ ಯಾರೂ ಹೊರಗೆ ಹೋಗಬಾರದೆಂದು ಒಂದು ತಿಂಗಳಿಂದ ಹಾಗೆ ಹಾಕುತ್ತಿದ್ದುದನ್ನು, ಬೀಗದ ಕೈ ಮೇಲ್ವಿಚಾರಕನ ಜೇಬಿನಲ್ಲಿದ್ದುದನ್ನು ಅವಳು ಹೇಳಿದ್ದಳು. ಮಾರನೆಯ ದಿನ ವ್ಯವಸ್ಥಾಪಕರು ನನ್ನ ಮೇಜಿನ ಹತ್ತಿರ ಬಂದರು.

"ಹನ್ನೆರಡನೇ ಫಾರಂ ಬೇಡಂತಪ್ಪ. ಮೇಲಿಂದ ಹೇಳಿ ಕಳಿಸಿದಾರೆ. ಪುಟದ ನಂಬರೆಲ್ಲ ಸರಿ ಮಾಡ್ಬಿಡು. ಓದೋರಿಗೆ ಗೊತ್ತಾಗ್ಬಾರ್ದು."

"ಸಾಕ್ಷಿಗಳು ಹದಿನೇಳು ಅಂತ ಮೂರು ಕಡೆ ಇದೆ ಸರ್."

"ಅದಕ್ಕೇ ನಿನ್ನ ಕರೆದದ್ದು. ನಿನ್ನ ಕಣ್ಣು ಚೆನ್ನಾಗಿದೆ."

ಇದು ನನ್ನ ಅಮ್ಮನ ಹೇಳಿಕೆ ಎಂದು ನಾನು ಹೇಳಲಿಲ್ಲ. ಯಾರೂ ನನ್ನನ್ನು ಹೆದರಿಸಲಿಲ್ಲ. ಕೆಲಸಕ್ಕೆ ಸೇರಿ ವರ್ಷವಾಗಿತ್ತು, ಕಾಯಂ ಆಗಿರಲಿಲ್ಲ, ಅಷ್ಟೇ. ಹದಿನೇಳನ್ನು ಹದಿನಾರು ಮಾಡಿದೆ. ಪರಿವಿಡಿ ತಿದ್ದಿದೆ. ತೊಂಬತ್ತೇಳನ್ನು ಎಂಬತ್ತೊಂಬತ್ತು ಮಾಡಿದೆ. ಸತ್ತ ಮೂವತ್ತೊಂದು ಜನರನ್ನು ಅಮ್ಮನ ಜಾಗಕ್ಕೆ ಸರಿಸಿದವನು ನಾನು. ಹನ್ನೆರಡನೆಯ ಫಾರಮಿನ ಮೊಳೆಗಳನ್ನು ಬಿಚ್ಚಿ ಖಾನೆಗಳಿಗೆ ಹಾಕಿದರು. ಅವಳ ಮಾತಿನ ಅಕ್ಷರಗಳಿಂದ ಮುಂದಿನ ವಾರ ಯಾರದೋ ಮದುವೆಯ ಕಾಗದ ಅಚ್ಚಾಗಿರಬಹುದು. ಎರಡು ತಿಂಗಳಿಗೆ ನಾನು ಕಾಯಂ ಆದೆ.

ಮೊದಲ ಅಚ್ಚು, ಎರಡನೆಯ ಅಚ್ಚು ಎಂಬುದಿಲ್ಲ. ಅಚ್ಚಾದದ್ದು ಒಂದೇ ವರದಿ. ಅಮ್ಮನ ಪೆಟ್ಟಿಗೆಯಲ್ಲಿದ್ದುದೂ ಅದೇ. ಗೆದ್ದಲು ಹತ್ತಿಲ್ಲ. ಬೇರೆ ಕಟ್ಟಿನಲ್ಲಿ ಕಳಿಸಿದ್ದೇನೆ.

ಐವತ್ತೆಂಟನೆಯ ಪುಟದ ಅಡಿಟಿಪ್ಪಣಿಯನ್ನು ಬೇಕೆಂದೇ ಬಿಟ್ಟೆ, ಮುಂದೊಂದು ದಿನ ಯಾರಾದರೂ ಕಂಡುಹಿಡಿಯಲೆಂದು ಬಿಟ್ಟೆ, ಎಂದು ಬರೆಯುವ ಆಸೆ ನನಗಿದೆ. ನಿನ್ನ ಪ್ರಶ್ನೆ ಬಂದ ಮೇಲಿನ ಹದಿನೈದು ದಿನ ಆ ವಾಕ್ಯವನ್ನೇ ತಿದ್ದುತ್ತ ಕೂತಿದ್ದೆ. ಅದು ಸುಳ್ಳು. ಸಣ್ಣ ಅಕ್ಷರ, ಕಣ್ತಪ್ಪಿತು. ನನ್ನ ಕೆಲಸದಲ್ಲಿ ಉಳಿದ ಆ ಒಂದು ದೋಷ ಮಾತ್ರ ನಿಜ ಹೇಳಿತು.

ಪುಸ್ತಕ ಬಂದ ದಿನ ಅಮ್ಮ ಕೇಳಿದಳು, "ನನ್ನ ಮಾತು ಬಂದಿದೆಯೇನೋ? ಎಲ್ಲಿದೆ ಓದು." ಎಂಬತ್ತೊಂಬತ್ತನೆಯ ಪುಟ ತೆರೆದೆ. ಕಣ್ಣ ಮುಂದೆ ಸತ್ತವರ ಹೆಸರುಗಳಿದ್ದವು. ಅದನ್ನು ನೋಡುತ್ತ, ಕರಡಿನಲ್ಲಿ ಎರಡು ಸಲ ಓದಿದ್ದ ಅವಳ ಮಾತನ್ನು ಬಾಯಿಪಾಠದಿಂದ ಹೇಳಿದೆ. ಅವಳು ತಲೆದೂಗಿದಳು. "ಸರಿಯಾಗಿ ಹಾಕಿದಾರೆ" ಎಂದಳು. ಮರುವರ್ಷ ಅದೇ ದಿನ ಮತ್ತೆ ಓದಿಸಿದಳು. ಹೀಗೆ ಮೂವತ್ತೆರಡು ವರ್ಷ. ಒಂದು ಪದ ಆಚೀಚೆಯಾದರೆ, "ಅಲ್ಲ, ಹೋದ್ವರ್ಷ ಹೀಗಿರ್ಲಿಲ್ಲ" ಎಂದು ನಿಲ್ಲಿಸುತ್ತಿದ್ದಳು. ಪುಸ್ತಕದಲ್ಲಿ ತನ್ನ ಮಾತಿದೆ ಎಂದು ನಂಬಿಯೇ ಅಮ್ಮ ಸತ್ತಳು.

ಈ ಎಲ್ಲ ವರ್ಷಗಳಲ್ಲೂ ನಾನು ಊರಿಗೆಲ್ಲ ಪತ್ರ ಬರೆದೆ. ಪತ್ರಿಕೆಯವರು ಜಾಗವಿರಲಿಲ್ಲ ಎಂದದ್ದಕ್ಕೆ ಕೂಗಾಡಿದೆ. ಜಾಗ ತೆಗೆದವನು ನಾನೇ ಎಂದು ಒಂದು ಪತ್ರದಲ್ಲೂ ಬರೆಯಲಿಲ್ಲ.

ಅವಳ ಹೇಳಿಕೆಯನ್ನು ನೆನಪಿನಿಂದ ಪೂರ್ತಿ ಬರೆದು ಹನ್ನೊಂದು ಹಾಳೆ ಜೊತೆಗಿಟ್ಟಿದ್ದೇನೆ. ಇದು ಆಕರವೋ ಅಲ್ಲವೋ ನಿನ್ನ ಮೇಡಂ ಹೇಳಲಿ. ಮೂವತ್ತೆರಡು ವರ್ಷ ಇಲ್ಲದ್ದನ್ನು ಇದೆ ಎಂದು ಓದಿದವನ ಬಾಯಿಂದ ಬಂದದ್ದು ಎಂಬುದನ್ನು ಅವರಿಗೆ ಮೊದಲು ತಿಳಿಸು.

ಇದು ಸತ್ಯ. ಸಹಿ ಮಾಡಿದ್ದೇನೆ.


ಆಗಸ್ಟ್ ೧೬

ಮಾವ,

ನಿಮ್ಮ ಲಕೋಟೆ ೧೪ರ ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಅಂಚೆಯವರು ಗೇಟಿನ ಹತ್ತಿರ ಬರುವಷ್ಟರಲ್ಲಿ ನಾನು ಅವರ ಸೈಕಲ್ ಹಿಡಿದುಕೊಂಡಿದ್ದೆ. "ಬಿಡಮ್ಮಾ, ಬೀಳ್ತೀನಿ" ಎಂದರು. ಓದದೆ ಓಡಿದೆ. ಮೇಡಂ ಎದುರಿಗೆ ಕೂತು ಓದಿದೆವು, ಒಂದು ಹಾಳೆ ಅವರು, ಆಮೇಲೆ ನಾನು. ಕೊನೆಗೆ ಅವರು ಕನ್ನಡಕ ತೆಗೆದು ಒರೆಸಿ, "ಇದನ್ನ ಎಷ್ಟು ನಂಬ್ಬೇಕು ಅನ್ನೋದೇ ನಿನ್ನ ಮೊದಲನೇ ಅಧ್ಯಾಯ. ಹೋಗಿ ಬರಿ" ಎಂದರು. ಎರಡೂ ಚೌಕ ತುಂಬಿದವು.

ಈಗ ನನ್ನ ಬಾಯಿಗೆ ಹಾಕಿದ್ದ ಬೀಗ ತೆಗೆಯಬಹುದು. ನಿಮ್ಮ ಹೇಳಿಕೆ ದಾಖಲಾಗುವವರೆಗೆ ಇದನ್ನು ಹೇಳುವ ಹಾಗಿರಲಿಲ್ಲ. ಹತ್ತು ದಿನ ಇದನ್ನು ಇಟ್ಟುಕೊಂಡು ಹೇಗಿದ್ದೆನೋ ನನಗೇ ಗೊತ್ತು. ನೀವು ಬರೆಯದೇ ಹೋಗಿದ್ದರೆ ಏನು ಮಾಡುತ್ತಿದ್ದೆನೋ ಅದು ಮಾತ್ರ ಗೊತ್ತಿಲ್ಲ.

ನಿಮ್ಮ ಹೇಳಿಕೆಯ ಮೂಲವನ್ನು ಮುಟ್ಟಿಲ್ಲ. ಮೂರನೆಯ ಹಾಳೆಯ ನಕಲು ತೆಗೆದು ಇದರೊಂದಿಗೆ ಕಳಿಸುತ್ತಿದ್ದೇನೆ. "ನಂಬಿಯೇ ಅಮ್ಮ ಸತ್ತಳು" ಎಂದು ನೀವು ಬರೆದಿದ್ದೀರಲ್ಲ, ಆ ಸಾಲಿನ ಕೆಳಗೆ ಹಂಸಪಾದ ಹಾಕಿ, ಬಿಟ್ಟುಹೋದದ್ದನ್ನು ಅಂಚಿನಲ್ಲಿ ಬರೆದಿದ್ದೇನೆ. ನನ್ನ ಅಮ್ಮ, ನಿಮ್ಮ ತಂಗಿ, ತನ್ನ ಕೈಯಾರೆ ಬರೆದುಕೊಟ್ಟ ಹೇಳಿಕೆಯಿಂದ ಎತ್ತಿದ್ದು:

"ಅಣ್ಣ ಮೊದಲ ಸಲ ಓದಿ ಹೊರಗೆ ಹೋದ ಮೇಲೆ ಅಮ್ಮ ನನ್ನನ್ನು ಕರೆದಳು. ಆಗ ನನಗೆ ಹನ್ನೊಂದು ವರ್ಷ, ಓದಲು ಬರುತ್ತಿತ್ತು. 'ನಿಮ್ಮಣ್ಣ ಅಷ್ಟು ಹೊತ್ತು ಓದ್ದ, ಒಂದು ಸಲಾನೂ ಹಾಳೆ ಮಗುಚಲಿಲ್ಲ. ಏನಿದೆ ನೋಡು ಅಲ್ಲಿ' ಎಂದಳು. ಹೆಸರುಗಳಿವೆ ಎಂದೆ. ಅಷ್ಟನ್ನೂ ಓದಿಸಿದಳು. ಮೂವತ್ತೊಂದು. ಒಂದೊಂದು ಹೆಸರಿಗೂ ಹ್ಞೂಂ ಎಂದಳು. ಮುಗಿದ ಮೇಲೆ ಬಹಳ ಹೊತ್ತು ಮೊಣಕಾಲು ನೀವಿಕೊಂಡಳು. ಆಮೇಲೆ ಹೇಳಿದಳು: 'ಅಣ್ಣಂಗೆ ಹೇಳ್ಬೇಡ. ನಾನು ಹೇಳಿದ್ದು ಅಷ್ಟೂ ಅವನ ಬಾಯಲ್ಲಿದೆ. ವರ್ಷಾ ವರ್ಷಾ ಓದಿಸ್ತೀನಿ. ಪುಸ್ತಕದಿಂದ ತೆಗೆದ್ರು, ಅವನಿಂದ ಹೇಗೆ ತೆಗೀತಾರೆ ನೋಡೋಣ.'"

ಅಜ್ಜಿ ಸತ್ತ ಮೇಲೆ ಹೇಳಬೇಕೆಂದುಕೊಂಡಿದ್ದಳಂತೆ ಅಮ್ಮ. ನೀವು ಆ ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟ ರೀತಿ ನೋಡಿ ಬಾಯಿ ಬರಲಿಲ್ಲವಂತೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ ಮಾವ. ಇಲ್ಲ ಎಂದರೆ ಅದು ಇನ್ನೊಂದು ತಿದ್ದುಪಡಿಯಾಗುತ್ತದೆ. ಅದು ಪ್ರಬಂಧದಲ್ಲೂ ಇರುತ್ತದೆ. ರಜೆಗೆ ಬರುತ್ತೇನೆ. ಆ ಹನ್ನೊಂದು ಹಾಳೆಯನ್ನು ನನಗೆ ಗಟ್ಟಿಯಾಗಿ ಓದಿ ಹೇಳಬೇಕು. ಹಾಳೆ ಮಗುಚುವ ಕೆಲಸ ನನ್ನದು.

ನಕಲನ್ನು ನೋಡಿ ಕಳಿಸಿ. ಈ ಸಲ ಕೆಂಪು ಶಾಯಿ ಹಾಕಬಹುದು.

ಗಡಿಬಿಡಿ


ಆಗಸ್ಟ್ ೨೩

ಗಡಿಬಿಡಿಗೆ,

ನಕಲನ್ನು ಹಿಂದಿರುಗಿಸುತ್ತಿದ್ದೇನೆ. ಅಂಚಿನಲ್ಲಿ ನೀನು ಬರೆದದ್ದರಲ್ಲಿ ಎರಡು ಕಡೆ ಉದ್ಧರಣ ಚಿಹ್ನೆ ಮುಚ್ಚಿರಲಿಲ್ಲ, ಮುಚ್ಚಿ ಕೊಟ್ಟಿದ್ದೇನೆ. ಬೇರೆ ತಪ್ಪಿಲ್ಲ.

ಹಾಳೆ ಮಗುಚಲಿಲ್ಲವಂತೆ. ನಾಲ್ಕು ದಿನದಿಂದ ಅದನ್ನೇ ಹೇಳಿಕೊಳ್ಳುತ್ತಿದ್ದೇನೆ. ವ್ಯವಸ್ಥಾಪಕರು ನೋಡಿದ್ದರು, ಇಲಾಖೆಯವರು ನೋಡಿದ್ದರು, ಓದು ಬಲ್ಲವರು ಎಷ್ಟು ಜನ ಆ ಪುಸ್ತಕ ತೆರೆದರೋ ಏನೋ. ನನ್ನ ಕೆಲಸದಲ್ಲಿ ತಪ್ಪು ಹಿಡಿದವಳು ಅಕ್ಷರ ಬಾರದ ಒಬ್ಬಳು. ಹಿಡಿದು, ಮೂವತ್ತೆರಡು ವರ್ಷ ಎದುರಿಗೆ ಕೂತು, ಒಂದೊಂದು ಪದವನ್ನೂ ತಿದ್ದಿಸಿಕೊಂಡಳು.

ನಿನ್ನಮ್ಮನಿಗೆ ಫೋನ್ ಮಾಡಿದ್ದೆ. "ಅಣ್ಣಾ, ನೀರಿನ ಕೊಳವೆ ಸರಿಯಾಯ್ತಾ?" ಎಂದಳು. ಇಲ್ಲ ಎಂದೆ.

ನಮ್ಮ ಕೆಲಸದಲ್ಲಿ ಕೊನೆಯ ಕರಡಿನ ಮೇಲೆ ಒಂದೇ ಪದ ಬರೆದು ದಿನಾಂಕ ಹಾಕುತ್ತಿದ್ದೆವು. ಆ ಪದ ಬಿದ್ದ ಮೇಲೆ ಯಾರೂ, ವ್ಯವಸ್ಥಾಪಕರೂ, ಒಂದು ಚುಕ್ಕೆಯನ್ನೂ ಮುಟ್ಟುವ ಹಾಗಿರಲಿಲ್ಲ. ಆ ವರದಿಯ ಮೇಲೂ ಅದನ್ನು ನಾನೇ ಬರೆದಿದ್ದೆ. ಇವತ್ತು ಅಮ್ಮನ ಹನ್ನೊಂದು ಹಾಳೆಯ ಹಸ್ತಪ್ರತಿಯ ಇನ್ನೊಂದು ಶುದ್ಧ ಪ್ರತಿಯನ್ನು ನೆನಪಿನಿಂದಲೇ ಮಾಡಿ, ಮೊದಲ ಹಾಳೆಯ ತಲೆಯ ಮೇಲೆ ಪುಟಸಂಖ್ಯೆ ಎಂಬತ್ತೊಂಬತ್ತು ಎಂದು ಹಾಕಿ, ಕೊನೆಯ ಹಾಳೆಯ ಕೆಳಗೆ ಬರೆದಿದ್ದೇನೆ:

ಮುದ್ರಿಸಬಹುದು. ೨೩ ಆಗಸ್ಟ್.